ಅಂಗಳಕ್ಕೆ ಬೇಕಾದದ್ದು ಹುಲ್ಲೋ, ಗೆಡ್ಡೆಯೋ?

ಶಿವಮೊಗ್ಗ ನಗರದಲ್ಲಿ ನಮ್ಮೂರಿನ ಹೆಸರನ್ನು ಹೊತ್ತ ರಸ್ತೆಯೊಂದಿದೆ. ಸವಳಂಗ ರಸ್ತೆ ಎಂದರೆ ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಪೇಟೆಯ ಕೆಲಸ ಮುಗಿಸಿ ಆ ರಸ್ತೆಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಊರಿಗೆ ಮರಳುವಾಗ ಇಕ್ಕೆಲದ ಹೊಸ ಮನೆಗಳನ್ನು ನೋಡುತ್ತ ಬರುವುದು ನನ್ನ ಬಹುಕಾಲದ ರೂಢಿ. ಈಚಿನ ವರ್ಷಗಳಲ್ಲಿ ಆ ಮನೆಗಳ ಮುಂದೆ ಒಂದೇ ಬಗೆಯ ತೋಟವನ್ನು ಕಾಣುತ್ತಿದ್ದೇನೆ. ನಡುವೆ ಕತ್ತರಿಸಿಟ್ಟ ಹುಲ್ಲುಹಾಸು. ಅಂಚಿನಲ್ಲಿ ಚಾಮರದಂತೆ ತೆನೆ ಬಾಗಿಸಿ ನಿಂತ ಅಲಂಕಾರದ ಹುಲ್ಲಿನ ಪೊದೆಗಳು. ಅದು ಪೇಟೆಯವರ ಹವ್ಯಾಸ, ಅವರ ಅಂಗಳ, ಅವರ ಹಣ ಎಂದುಕೊಂಡು ಸುಮ್ಮನಿದ್ದೆ. ಆದರೆ ಕಳೆದ ವರ್ಷ ಆ ಹುಲ್ಲು ಅದೇ ರಸ್ತೆ ಹಿಡಿದು ನಮ್ಮ ಸೀಮೆಗೂ ಬಂದಿತು. ನಾನು ಪಾಠ ಹೇಳಿ ನಿವೃತ್ತನಾದ ಶಾಲೆಯ ಅಂಗಳವನ್ನೇ ಕೇಳತೊಡಗಿತು. ಇನ್ನು ಸುಮ್ಮನಿರಲಾರೆ. ಅದಕ್ಕಾಗಿ ಈ ಬರಹ.

ಶಾಲೆಯ ಹೆಸರು ಇಲ್ಲಿ ಬೇಡ. ನಡೆದದ್ದನ್ನಷ್ಟೆ ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಏನಾದರೂ ಮಾಡಬೇಕೆಂದು ಹಣ ಕೂಡಿಸಿದರು. ಎಲ್ಲರೂ ನನ್ನ ಕೈಯಲ್ಲಿ ಕಲಿತವರು, ಒಳ್ಳೆಯ ಮನಸ್ಸಿನವರು. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ದುಡಿಯುತ್ತಿದ್ದರೂ ಊರನ್ನು ಮರೆಯದವರು. ಸಭೆಗೆ ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಉದ್ಯಾನ ನಿರ್ಮಿಸುವ ಗುತ್ತಿಗೆದಾರರೊಬ್ಬರು ಬಣ್ಣದ ನಕ್ಷೆಯೊಂದನ್ನು ಗೋಡೆಗೆ ತೂಗುಹಾಕಿ ವಿವರಿಸಿದರು. ಗೇಟಿನಿಂದ ಧ್ವಜಕಂಬದವರೆಗೆ ಮೆಕ್ಸಿಕನ್ ಹುಲ್ಲಿನ ಹಾಸು, ಅದರ ಸುತ್ತ ಫೌಂಟನ್ ಹುಲ್ಲಿನ ಸಾಲು, ನಡುವೆ ಶಾಲೆಯ ಹೆಸರಿನ ಫಲಕ. ಆ ನಕ್ಷೆಯ ಪಕ್ಕದಲ್ಲಿ ಈಗಿರುವ ಅಂಗಳದ ನಕ್ಷೆಯೂ ಇತ್ತು. ಅದರಲ್ಲಿ ಎರಡು ಗುಂಟೆಯ ಒಂದು ತುಂಡಿಗೆ ಬೂದು ಬಣ್ಣ ಬಳಿದು ಎರಡು ಪದ ಬರೆಯಲಾಗಿತ್ತು: 'ಅನುಪಯುಕ್ತ ಜಾಗ'.

ಆ ಅನುಪಯುಕ್ತ ಜಾಗದಲ್ಲಿ ಸುವರ್ಣಗೆಡ್ಡೆ ಮತ್ತು ಕೆಸು ಬೆಳೆಯುತ್ತಿದ್ದವು. ಮಕ್ಕಳೂ ನಾನೂ ಸೇರಿ ನೆಟ್ಟವು. ಮಧ್ಯಾಹ್ನದ ಊಟದ ನಂತರ ಮಕ್ಕಳು ಕೈತೊಳೆದು ತಟ್ಟೆ ತೊಳೆದ ನೀರು ಕಾಲುವೆಯಾಗಿ ಹರಿದು ಅಲ್ಲಿಗೇ ಸೇರುತ್ತಿತ್ತು. ನೀರು ನಿಲ್ಲುವ ಕಡೆ ಕೆಸು, ಬಸಿದುಹೋಗುವ ಕಡೆ ಸುವರ್ಣಗೆಡ್ಡೆ. ಆ ಗೆಡ್ಡೆ ಅದೇ ಮಕ್ಕಳ ಸಾಂಬಾರಿಗೆ ಹೋಗುತ್ತಿತ್ತು. ಒಂದು ತಟ್ಟೆಯ ನೀರು ಮತ್ತೆ ಅದೇ ತಟ್ಟೆಗೆ ಅನ್ನದ ಜೊತೆಯಾಗಿ ಮರಳುವ ಆ ಚಕ್ರವನ್ನು ತೋರಿಸಿ ನಾನು ಜಲಚಕ್ರವನ್ನೂ ಪೋಷಕಾಂಶಗಳ ಚಕ್ರವನ್ನೂ ಬೋಧಿಸಿದ್ದೇನೆ. ಅದನ್ನು ಅನುಪಯುಕ್ತವೆಂದು ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಎರಡು ಪದಗಳನ್ನು ಓದಿಯೂ ನನ್ನ ಶಿಷ್ಯರಲ್ಲಿ ಒಬ್ಬನೂ ಎದ್ದು ಮಾತನಾಡಲಿಲ್ಲವಲ್ಲ, ಅದು ನನ್ನನ್ನು ಕಾಡಿತು. ನಾನು ಅವರಿಗೆ ಕಲಿಸಿದ್ದರಲ್ಲಿ ಏನೋ ಒಂದು ತಪ್ಪಿಹೋಗಿತ್ತು.

ನಾನು ಹುಟ್ಟಿದಾಗ ಸವಳಂಗ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಾವು ಆ ಜಿಲ್ಲೆಗೆ ಸೇರಿದೆವು. 2018ರ ಹೊತ್ತಿಗೆ ನ್ಯಾಮತಿ ತಾಲ್ಲೂಕಾಯಿತು, ನಾವು ಅದರ ಪಾಲಾದೆವು. ಮನೆ ಕದಲದೆಯೇ ಜಿಲ್ಲೆ ಬದಲಾಯಿತು, ತಾಲ್ಲೂಕು ಬದಲಾಯಿತು. ಬದಲಾಗದೆ ಉಳಿದದ್ದು ಹಿತ್ತಲು. ಇತ್ತ ಮಲೆನಾಡೂ ಅಲ್ಲ, ಅತ್ತ ಬಯಲುಸೀಮೆಯೂ ಅಲ್ಲದ ನಮ್ಮ ಅರೆಮಲೆನಾಡಿನ ಪ್ರತಿ ಮನೆಯ ಬಚ್ಚಲ ನೀರು ಬೀಳುವಲ್ಲಿ ನಾಲ್ಕು ಕೆಸುವಿನ ಗಿಡ, ಬೇಲಿಯ ಪಕ್ಕ ಒಂದೆರಡು ಸುವರ್ಣಗೆಡ್ಡೆ ಇದ್ದೇ ಇರುತ್ತಿದ್ದವು. ಅವುಗಳನ್ನು ಯಾರೂ ಬೆಳೆ ಎನ್ನುತ್ತಿರಲಿಲ್ಲ. ಅವಕ್ಕೆ ಗೊಬ್ಬರದ ಲೆಕ್ಕವಿರಲಿಲ್ಲ, ಸಾಲದ ಚಿಂತೆಯಿರಲಿಲ್ಲ.

1972ರ ಬರಗಾಲ ನನ್ನ ಹನ್ನೆರಡನೆಯ ವಯಸ್ಸಿನ ನೆನಪು. ಹೊಲದಲ್ಲಿ ಕೊಯ್ಯಲು ಏನೂ ಇರಲಿಲ್ಲ. ಅವ್ವ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗಿ ಒಂದು ಗೆಡ್ಡೆ ಅಗೆದು ತಂದಳೆಂದರೆ ಎರಡು ದಿನ ಒಲೆ ಉರಿಯುತ್ತಿತ್ತು. ಹುಣಸೆಹಣ್ಣಿನ ರಸದಲ್ಲಿ ಬೇಯಿಸಿ, ಉಪ್ಪು ಖಾರ ಬೆರೆಸಿ ಬಡಿಸುತ್ತಿದ್ದಳು. ನೆಲದ ಮೇಲಿನ ಹಸಿರೆಲ್ಲ ಒಣಗಿ ಹೋದ ಮೇಲೂ ನೆಲದೊಳಗೆ ಊಟ ಬಚ್ಚಿಟ್ಟುಕೊಂಡಿತ್ತು. ಗೆಡ್ಡೆ ಎಂದರೆ ಅಷ್ಟೇ. ಗಿಡವು ತನ್ನ ಕಷ್ಟಕಾಲಕ್ಕೆಂದು ನೆಲದೊಳಗೆ ಕೂಡಿಟ್ಟ ಬುತ್ತಿ. ಆ ಬುತ್ತಿ ನಮ್ಮ ಕಷ್ಟಕಾಲಕ್ಕೂ ಒದಗಿತು. ಆದುದರಿಂದ ಗೆಡ್ಡೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ವಾದ ಕೇವಲ ನೆನಪಿನ ಮೇಲೆ ನಿಂತಿಲ್ಲ.

ಮೊದಲು ಹುಲ್ಲುಹಾಸಿನ ಚರಿತ್ರೆಯನ್ನು ನೋಡೋಣ. ಮನೆಯ ಮುಂದೆ ಬರಿಯ ಹುಲ್ಲನ್ನು ಬೆಳೆಸಿ, ಅದನ್ನು ದನಕ್ಕೂ ಹಾಕದೆ ಕತ್ತರಿಸುತ್ತ ಕೂರುವ ಪದ್ಧತಿ ಬೆಳೆದದ್ದು ಇಂಗ್ಲೆಂಡ್, ಫ್ರಾನ್ಸ್‌ಗಳ ಸಿರಿವಂತರ ಭವನಗಳಲ್ಲಿ. ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ, ಬಿಸಿಲು ಮೆತ್ತಗಿರುತ್ತದೆ, ಹುಲ್ಲು ತಾನಾಗಿ ಹಸಿರಾಗಿರುತ್ತದೆ. ಕುಡುಗೋಲು ಹಿಡಿದ ಆಳುಗಳ ಸಾಲು ಇದ್ದವನಿಗೆ ಮಾತ್ರ ಅದನ್ನು ಒಪ್ಪವಾಗಿಡಲು ಸಾಧ್ಯವಿತ್ತು. ಇಷ್ಟು ಫಲವತ್ತಾದ ನೆಲದಿಂದ ನನಗೆ ಊಟ ಬೇಕಾಗಿಲ್ಲ ಎಂದು ನೆರೆಹೊರೆಗೆ ಸಾರುವುದೇ ಅದರ ಉದ್ದೇಶ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಬಟ್ಟೆಯ ಗಿರಣಿಯಲ್ಲಿ ನೂಲಿನ ಜುಂಜು ಕತ್ತರಿಸುವ ಯಂತ್ರವನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ ಮೇಲೆ ಆ ಶೋಕಿ ಮಧ್ಯಮ ವರ್ಗದವರಿಗೂ ಎಟುಕಿತು. ಆಳುವವರ ಜೊತೆ ನಮ್ಮ ದೇಶಕ್ಕೂ ಬಂದು, ಬಂಗಲೆಗಳ ಮುಂದೆ ಹರಡಿಕೊಂಡಿತು. ಆಳುವವರು ಹೋದರು, ಅವರ ಹುಲ್ಲು ಉಳಿಯಿತು.

ಆದರೆ ಈ ಪದ್ಧತಿಯನ್ನು ಕಲಿಸಿದವರೇ ಹೊಟ್ಟೆಯ ಪ್ರಶ್ನೆ ಬಂದಾಗ ಏನು ಮಾಡಿದರೆಂಬುದನ್ನು ಯಾರೂ ಹೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಮನೆಮನೆಯ ಹುಲ್ಲುಹಾಸನ್ನು ಅಗೆದು ಆಲೂಗೆಡ್ಡೆ, ಕೋಸು ಬೆಳೆದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ, ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿಯ ಮಡಿಗಳೆದ್ದವು. ನಮ್ಮಲ್ಲಿಯೂ ಆ ನಿದರ್ಶನವಿದೆ. 1965ರಲ್ಲಿ ಯುದ್ಧವೂ ಆಹಾರದ ಕೊರತೆಯೂ ಒಟ್ಟಿಗೆ ಬಂದೆರಗಿದಾಗ ಪ್ರಧಾನಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ದೆಹಲಿಯ ತಮ್ಮ ಅಧಿಕೃತ ನಿವಾಸದ ಹುಲ್ಲುಹಾಸನ್ನು ತಾವೇ ಮುಂದಾಗಿ ಉತ್ತು ಬೆಳೆ ಇಡಿಸಿದರು. ದೇಶದ ಪ್ರಧಾನಿಯ ಅಂಗಳದಲ್ಲಿ ಬೆಳೆ ನಿಂತರೆ ಅದು ಘನತೆ. ಹಳ್ಳಿಯ ಶಾಲೆಯ ಅಂಗಳದಲ್ಲಿ ಸುವರ್ಣಗೆಡ್ಡೆ ನಿಂತರೆ ಅನುಪಯುಕ್ತ ಜಾಗ! ಶಾಸ್ತ್ರಿಗಳ ಜಯಂತಿಯಂದು ಭಾಷಣ ಮಾಡಿದ ನನ್ನ ಶಿಷ್ಯರಿಗೆ ಈ ಮಾತು ನೆನಪಾಗಬೇಕಿತ್ತು.

ಈಗ ಲೆಕ್ಕಕ್ಕೆ ಬರೋಣ. ವಿಜ್ಞಾನದ ಮೇಷ್ಟರಾಗಿದ್ದವನು ಲೆಕ್ಕ ಬಿಟ್ಟು ಮಾತನಾಡಬಾರದು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು ನೂರು ಚದರ ಮೀಟರು. ಎರಡು ಗುಂಟೆ ಎಂದರೆ ಇನ್ನೂರು. ಬೇಸಿಗೆಯಲ್ಲಿ ಹಸಿರಾಗಿ ಉಳಿಯಬೇಕಾದ ಹುಲ್ಲುಹಾಸು ದಿನಕ್ಕೆ ಸುಮಾರು 5 ಮಿಲಿಮೀಟರು ನೀರನ್ನು ಬೇಡುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಇದನ್ನು ನನ್ನ ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಹಾಗಾದರೆ ಎರಡು ಗುಂಟೆಯ ಹುಲ್ಲಿಗೆ ದಿನಕ್ಕೆ 1,000 ಲೀಟರು. ಜಲಜೀವನ ಮಿಷನ್ ಯೋಜನೆಯಲ್ಲಿ ಗ್ರಾಮದ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂದು ಪ್ರಮಾಣ ನಿಗದಿಯಾಗಿದೆ. ಅಂದರೆ ಹದಿನೆಂಟು ಜನರ ನೀರನ್ನು ನಾವು ತಿನ್ನಲು ಬಾರದ, ಹಟ್ಟಿಗೂ ಒದಗದ ಒಂದು ಹಾಸಿಗೆ ಹೊಯ್ಯಬೇಕು.

ಇದು ಕಲ್ಪನೆಯ ಭಯವಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ, 2024ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಉದ್ಯಾನಕ್ಕೆ ಹಾಯಿಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ಮಹಾನಗರವೇ ತಾಳಲಾರದೆ ದಂಡ ಹಾಕಿದ ಆ ಪದ್ಧತಿಯನ್ನು, ಕೊಳವೆಬಾವಿ ಬತ್ತಿದರೆ ಟ್ಯಾಂಕರಿಗೆ ಕಾಯುವ ನಮ್ಮ ಹಳ್ಳಿಗಳು ಈಗ ಹೊಸದಾಗಿ ಕಲಿಯಬೇಕೆ?

ಇನ್ನು ಗೆಡ್ಡೆಯ ಲೆಕ್ಕ. ಸುವರ್ಣಗೆಡ್ಡೆಯನ್ನು ಮೂರಡಿಗೊಂದರಂತೆ ನೆಟ್ಟರೆ, ಓಡಾಡಲು ದಾರಿ ಬಿಟ್ಟು, ಎರಡು ಗುಂಟೆಯಲ್ಲಿ ಇನ್ನೂರು ಗುಳಿಗಳು ಹಿಡಿಯುತ್ತವೆ. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಅರ್ಧ ಕಿಲೋ ತೂಕದ ಬಿತ್ತನೆಯ ತುಂಡನ್ನು ಗುಳಿಗಿಟ್ಟು ಸಗಣಿಗೊಬ್ಬರ ಹಾಕಿ ಮುಚ್ಚಿದರೆ ಮುಂದಿನ ಕೆಲಸವನ್ನು ಬಹುಪಾಲು ಮಳೆಯೇ ನೋಡಿಕೊಳ್ಳುತ್ತದೆ. ಎಂಟು ಒಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬಾಗಿತೆಂದರೆ ಗೆಡ್ಡೆ ಬಲಿತಿತೆಂದು ಅರ್ಥ. ಬೇಸಿಗೆಯಲ್ಲಿ, ಹುಲ್ಲು ನೀರಿಗಾಗಿ ಬಾಯಿ ಬಿಡುವ ಕಾಲಕ್ಕೆ, ಗೆಡ್ಡೆ ನೆರಳಿನ ಮೂಲೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಅದಕ್ಕೆ ಹನಿ ನೀರೂ ಬೇಡ. ನಮ್ಮ ಶಾಲೆಯ ಸಾಧಾರಣ ಆರೈಕೆಯಲ್ಲಿ ಗಿಡಕ್ಕೆ ಎರಡು ಕಿಲೋ ಎಂದು ಹಿಡಿಯಿರಿ: ನಾಲ್ಕು ಕ್ವಿಂಟಾಲು. ಬಿತ್ತನೆಗೆ ಒಂದು ಕ್ವಿಂಟಾಲು ತೆಗೆದಿಟ್ಟರೆ ಉಳಿದದ್ದು ಮೂರು. ಮಗುವಿಗೆ ನೂರು ಗ್ರಾಂನಂತೆ ನೂರೈವತ್ತು ಮಕ್ಕಳಿಗೆ ಇಪ್ಪತ್ತು ದಿನಗಳ ಪಲ್ಯ. ಇದು 'ಅನುಪಯುಕ್ತ ಜಾಗ'ದ ವಾರ್ಷಿಕ ಆದಾಯ.

ಮಧ್ಯಾಹ್ನದ ಊಟದ ಯೋಜನೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಬೆಳೆದು, ಕ್ರಮೇಣ ಪ್ರೌಢಶಾಲೆಯ ಮಕ್ಕಳಿಗೂ ತಲುಪಿತು. ಅದರ ಅನ್ನವನ್ನು ನಂಬಿ ಶಾಲೆಗೆ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. 2019ರಲ್ಲಿ ಕೇಂದ್ರ ಸರ್ಕಾರವೇ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಬೇಕೆಂದು ಮಾರ್ಗಸೂಚಿ ಹೊರಡಿಸಿತು. ಹೀಗೆ ಸರ್ಕಾರ ಕೈತೋಟ ಮಾಡಿರೆನ್ನುವಾಗ, ಆಗಲೇ ಇರುವ ಕೈತೋಟವನ್ನು ಕಿತ್ತು ಹುಲ್ಲು ಹಾಸಲು ಹೊರಟ ನಮ್ಮ ಔದಾರ್ಯಕ್ಕೆ ಏನೆನ್ನಬೇಕು?

ನನ್ನ ಶಿಷ್ಯರು ಸಭೆಯ ನಂತರ ಚಹಾ ಕುಡಿಯುತ್ತ ಕೆಲವು ಆಕ್ಷೇಪಗಳನ್ನು ಹೇಳಿದರು. ಅವನ್ನು ಮುಚ್ಚಿಡದೆ ಒಂದೊಂದಾಗಿ ಪರಿಶೀಲಿಸುತ್ತೇನೆ.

ಮೊದಲನೆಯದು, ಸೌಂದರ್ಯ. "ಸಾರ್, ಶಾಲೆಯ ಮುಂಭಾಗ ಚೆಂದ ಕಾಣಬೇಕಲ್ಲವೇ?" ಖಂಡಿತ ಕಾಣಬೇಕು. ಆದರೆ ಕೆಸುವಿನ ಎಲೆ ಚೆಂದವಿಲ್ಲವೆಂದು ಹೇಳಿದವರು ಯಾರು? ಮಳೆ ಹನಿ ಬಿದ್ದು ಮುತ್ತಾಗಿ ಉರುಳುವ ಆ ಎಲೆಯನ್ನು ಅಮೆರಿಕದ ನರ್ಸರಿಗಳು 'ಆನೆಕಿವಿ' ಎಂಬರ್ಥದ ಹೆಸರಿನಿಂದ ಅಲಂಕಾರದ ಗಿಡವೆಂದು ಮಾರುತ್ತವೆ. ಕಪ್ಪು ಎಲೆಯ ಕೆಸುವಿಗೆ ಅಲ್ಲಿ ಹೆಚ್ಚು ಬೆಲೆ. ನಾವು ಅವರ ಹುಲ್ಲನ್ನು ಅಂಗಳಕ್ಕೆ ತರುತ್ತೇವೆ, ಅವರು ನಮ್ಮ ಕೆಸುವನ್ನು ಅಂಗಳಕ್ಕೆ ಒಯ್ಯುತ್ತಾರೆ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸುವರ್ಣಗೆಡ್ಡೆಯಾದರೋ ಒಂದೇ ಕಾಂಡದ ಮೇಲೆ ಬಿಚ್ಚಿದ ಹಸಿರು ಕೊಡೆ. ಇನ್ನೂರು ಕೊಡೆಗಳು ಸಾಲಾಗಿ ನಿಂತ ಶ್ರಾವಣದ ಅಂಗಳವನ್ನು ನೋಡಿದವರು ಅದನ್ನು ಕುರೂಪವೆನ್ನಲಾರರು. ಹೂ ಬಿಟ್ಟರೆ ಕೊಳೆತ ಮಾಂಸದ ನಾತ ಬರುತ್ತದೆ ಎನ್ನುತ್ತಾರೆ, ಅದು ನಿಜ. ನೊಣಗಳನ್ನು ಕರೆದು ಪರಾಗಸ್ಪರ್ಶ ಮಾಡಿಸಿಕೊಳ್ಳುವ ಅದರ ಉಪಾಯ ಅದು. ಆದರೆ ವರ್ಷವರ್ಷವೂ ಕಿತ್ತು ತಿನ್ನುವ ಗೆಡ್ಡೆ ಹೂವಿನವರೆಗೆ ಹೋಗುವುದು ಅಪರೂಪ.

ಎರಡನೆಯದು, ತುರಿಕೆ. ಇದು ಗಂಭೀರವಾದ ಆಕ್ಷೇಪ. ನನ್ನ ತಪ್ಪೂ ಇದರಲ್ಲಿದೆ. ನಮ್ಮ ಮೊದಲ ವರ್ಷದ ಬೆಳೆಯನ್ನು ಆತುರದಿಂದ, ಎಲೆ ಇನ್ನೂ ಹಸಿರಾಗಿರುವಾಗಲೇ ಕೀಳಿಸಿದೆ. ಅಡುಗೆಯಾಕೆ ಹುಣಸೆಹಣ್ಣು ಕಡಿಮೆಯಾಯಿತೇನೋ ಎಂದು ಎಚ್ಚರಿಸಿದರೂ ನಾನು ಕಿವಿಗೊಡಲಿಲ್ಲ. ಅಂದು ಹತ್ತು ಹನ್ನೆರಡು ಮಕ್ಕಳು ಗಂಟಲು ಹಿಡಿದುಕೊಂಡು ಕುಳಿತರು. ಮಜ್ಜಿಗೆ ಕುಡಿಸಿ ಸಮಾಧಾನ ಮಾಡಿದೆವು; ಸಂಜೆಯ ಹೊತ್ತಿಗೆ ಸರಿಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೆಡ್ಡೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುವುದರಿಂದ ಹೀಗಾಗುತ್ತದೆ ಎಂದು ಪುಸ್ತಕ ನೋಡಿ ಬಲ್ಲ ನನಗಿಂತ, ಏನು ಮಾಡಬೇಕೆಂದು ಬಲ್ಲ ಆ ಅಡುಗೆಯಾಕೆಯೇ ದೊಡ್ಡ ವಿದ್ವಾಂಸಳು. ಮುಂದಿನ ವರ್ಷದಿಂದ ಆಕೆ ಹೇಳಿದಂತೆ ನಡೆದೆವು: ಚೆನ್ನಾಗಿ ಬಲಿಸಿ ಕೀಳುವುದು, ಕೆಲವು ವಾರ ಇಟ್ಟು ಬಳಸುವುದು, ದಪ್ಪಗೆ ಸಿಪ್ಪೆ ತೆಗೆದು ಹುಳಿಯಲ್ಲಿ ಚೆನ್ನಾಗಿ ಬೇಯಿಸುವುದು. ಮತ್ತೆ ಅಂಥ ಘಟನೆ ನಡೆಯಲಿಲ್ಲ. ತುರಿಸದ ತಳಿಗಳೂ ಈಗ ಇವೆ. ಆಂಧ್ರದ ಕೊವ್ವೂರಿನ ಸಂಶೋಧನಾ ಕೇಂದ್ರದ 'ಗಜೇಂದ್ರ' ಎಂಬ ತಳಿ ಅಂಥದು. ತಿರುವನಂತಪುರದಲ್ಲಿ 1963ರಿಂದ ಗೆಡ್ಡೆ ಬೆಳೆಗಳಿಗೆಂದೇ ಒಂದು ಕೇಂದ್ರೀಯ ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿಯೇ, ನವಿಲೆಯಲ್ಲಿ, ಕೃಷಿ ಮಹಾವಿದ್ಯಾಲಯವಿದೆ. ಸಲಹೆ ಬೇಕೆಂದರೆ ನಾವು ಬಹು ದೂರ ಹೋಗಬೇಕಾಗಿಲ್ಲ.

ಮೂರನೆಯದು, ಕಾಡುಹಂದಿ. ಗೆಡ್ಡೆ ಇದ್ದಲ್ಲಿ ಹಂದಿ ಬರುತ್ತದೆ ಎಂದರು. ಕಾಡಂಚಿನ ತೋಟಗಳಲ್ಲಿ ಇದು ನಿಜವಾದ ಕಷ್ಟ, ನಾನು ಅಲ್ಲಗಳೆಯುವುದಿಲ್ಲ. ಅಂಥಲ್ಲಿ ಗೆಡ್ಡೆ ನೆಡಿ ಎಂದು ಉಪದೇಶಿಸುವ ಧೈರ್ಯ ನನಗಿಲ್ಲ. ಆದರೆ ಊರ ನಡುವಿನ, ಸುತ್ತಲೂ ಗೋಡೆಯಿರುವ ಶಾಲೆಯ ಅಂಗಳಕ್ಕೆ ಇಷ್ಟು ವರ್ಷಗಳಲ್ಲಿ ಹಂದಿ ಬಂದದ್ದನ್ನು ನಾನು ಕಾಣೆ.

ನಾಲ್ಕನೆಯದು, ಮಣ್ಣು ಮತ್ತು ಧೂಳು. ಹುಲ್ಲು ಮಣ್ಣನ್ನು ಹಿಡಿಯುತ್ತದೆ, ಧೂಳನ್ನು ತಡೆಯುತ್ತದೆ. ಇದನ್ನೂ ಒಪ್ಪುತ್ತೇನೆ. ನನ್ನ ಜಗಳ ಹುಲ್ಲಿನ ಕುಲದ ಮೇಲಲ್ಲ. ರಾಗಿ, ಭತ್ತ, ಜೋಳ, ಕಬ್ಬು ಎಲ್ಲವೂ ಹುಲ್ಲುಗಳೇ. ನಮ್ಮ ಗರಿಕೆಗೆ ಯಾರೂ ನೀರು ಹಾಕುವುದಿಲ್ಲ. ಬೇಸಿಗೆಯಲ್ಲಿ ಸತ್ತಂತೆ ಬಿದ್ದಿದ್ದು ಮೊದಲ ಮಳೆಗೆ ಎದ್ದು ಕೂರುತ್ತದೆ, ದನಕ್ಕೂ ಒದಗುತ್ತದೆ, ಗಣಪತಿಗೂ ಒದಗುತ್ತದೆ. ಇಳಿಜಾರಿನ ಮಣ್ಣು ಕಟ್ಟಲು ಲಾವಂಚವಿದೆ. ಅದರ ಬೇರಿಗೆ ಪರಿಮಳವೂ ಬೆಲೆಯೂ ಉಂಟು. ಕಷಾಯಕ್ಕೆ ಮಜ್ಜಿಗೆಹುಲ್ಲಿದೆ. ನೆಲವನ್ನೆಲ್ಲ ಮುಚ್ಚುವ ಹಸಿರು ಬೇಕೇ ಬೇಕೆಂದರೆ ಗೆಣಸಿನ ಬಳ್ಳಿಯಿದೆ. ಒಂದು ತುಂಡು ಬಳ್ಳಿ ಊರಿದರೆ ಹಾಸಿನಂತೆ ಹಬ್ಬುತ್ತದೆ, ಅದರ ಚಿಗುರು ಸೊಪ್ಪಾಗುತ್ತದೆ, ಗೆಡ್ಡೆ ಶಿವರಾತ್ರಿಯ ಉಪವಾಸಕ್ಕಾಗುತ್ತದೆ. ಗೆಣಸು ದೂರದ ಅಮೆರಿಕ ಖಂಡದಿಂದ ಬಂದದ್ದು. ಆದುದರಿಂದ ಇದು ಸ್ವದೇಶಿ ವಿದೇಶಿಗಳ ಜಗಳವೂ ಅಲ್ಲ. ಕೇಸರಿ ಬಣ್ಣದ ಗೆಣಸಿನಿಂದ ಆಫ್ರಿಕದ ಮಕ್ಕಳ 'ಎ' ಜೀವಸತ್ವದ ಕೊರತೆಯನ್ನು ನೀಗಿಸಲು ದುಡಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಬಂದವರು ಎಲ್ಲಿಂದ ಬಂದರೆಂದು ನಾನು ಕೇಳುವುದಿಲ್ಲ. ಬಂದು ಏನು ಮಾಡಿದರೆಂದು ಕೇಳುತ್ತೇನೆ.

ಅಲಂಕಾರಕ್ಕೆಂದು ಬಂದವರು ಏನು ಮಾಡಿದರೆಂಬುದನ್ನು ನಮ್ಮ ಕಾಡುಗಳೇ ಹೇಳುತ್ತವೆ. ಲಂಟಾನ ನಮ್ಮ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಬಣ್ಣದ ಹೂವಿನ ಅಲಂಕಾರದ ಗಿಡವಾಗಿ. ಇಂದು ಬಂಡೀಪುರದಲ್ಲಿಯೂ ಮಲೆನಾಡಿನ ಕುರುಚಲು ಕಾಡುಗಳಲ್ಲಿಯೂ ಅದರಡಿ ಬೇರೆ ಗಿಡ ಏಳುವುದೇ ಕಷ್ಟವಾಗಿದೆ. ನಕ್ಷೆಯಲ್ಲಿ ಅಂಚಿಗೆ ಬರೆದಿದ್ದ ಫೌಂಟನ್ ಹುಲ್ಲು ಆಫ್ರಿಕ ಮೂಲದ್ದು. ಅದರ ಬೀಜ ಗಾಳಿಯಲ್ಲಿ ಹಾರುತ್ತದೆ. ಹವಾಯಿ ದ್ವೀಪಕ್ಕೆ ಅಲಂಕಾರದ ಗಿಡವಾಗಿ ಹೋದ ಅದು ತೋಟದಿಂದ ತಪ್ಪಿಸಿಕೊಂಡು ಒಣ ಇಳಿಜಾರುಗಳನ್ನು ಆವರಿಸಿತು. ಒಣಗಿದ ಆ ಹುಲ್ಲಿನಿಂದ ಅಲ್ಲಿ ಬೆಂಕಿಯ ಕಾಟ ಹೆಚ್ಚಿತು.

ಹವಾಯಿಯ ಮೂಲನಿವಾಸಿಗಳ ಮುಖ್ಯ ಆಹಾರ ಯಾವುದೆಂದು ಓದುಗರು ಊಹಿಸಬಲ್ಲಿರಾ? ನಮ್ಮ ಕೆಸುವೇ! ಅಲ್ಲಿ ಅದರ ಹೆಸರು ಕಲೊ. ಅದು ಮನುಷ್ಯನ ಅಣ್ಣನೆಂಬ ನಂಬಿಕೆ ಅವರದು. ಹೊಳೆಯ ನೀರನ್ನು ಗದ್ದೆಗೆ ತಿರುಗಿಸಿ ಕೆಸು ಬೆಳೆಯುತ್ತಿದ್ದ ಲಹೈನಾ ಎಂಬ ಊರಿನ ಸೀಮೆಯಲ್ಲಿ ಕಬ್ಬಿನ ತೋಟಗಳು ಬಂದು ಹೊಳೆಯ ನೀರನ್ನು ತಮ್ಮತ್ತ ತಿರುಗಿಸಿಕೊಂಡವು. ಮುಂದೆ ತೋಟಗಳು ಮುಚ್ಚಿದವು. ಪಾಳು ಬಿದ್ದ ನೆಲವನ್ನು ಹೊರಗಿನಿಂದ ಬಂದ ಮೇವಿನ ಹುಲ್ಲುಗಳು ತುಂಬಿದವು. 2023ರ ಆಗಸ್ಟ್‌ನಲ್ಲಿ ಬಿರುಗಾಳಿಗೆ ಆ ಒಣಹುಲ್ಲಿನಲ್ಲಿ ಹಬ್ಬಿದ ಬೆಂಕಿ ಲಹೈನಾವನ್ನು ಸುಟ್ಟುಹಾಕಿತು; ಸುಮಾರು ನೂರು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಉರಿದದ್ದು ಅಲಂಕಾರದ ಹುಲ್ಲಲ್ಲ, ನಿಜ. ನಮ್ಮ ಶಾಲೆಯ ಎರಡು ಗುಂಟೆಗೂ ಆ ದುರಂತಕ್ಕೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೋಲಿಕೆ ಬೆಂಕಿಯಲ್ಲಿಲ್ಲ. ಅನ್ನ ಕೊಡುತ್ತಿದ್ದ ನೆಲವನ್ನು ಅನ್ನದಿಂದ ಬಿಡಿಸುವಾಗ ಅದರ ಬೆಲೆಯನ್ನು ಯಾರೂ ಅಂದೇ ಲೆಕ್ಕ ಹಾಕುವುದಿಲ್ಲ ಎಂಬುದಷ್ಟರಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಮಾತು ಉಳಿದಿದೆ. ಸಭೆಯಲ್ಲಿ ಕೊನೆಗೆ ಒಬ್ಬ ಶಿಷ್ಯ ಬಹಳ ವಿನಯದಿಂದ ಒಂದು ರಾಜಿಯನ್ನು ಸೂಚಿಸಿದ: "ಸಾರ್, ಮುಂದುಗಡೆ ಹುಲ್ಲು ಇರಲಿ. ಗೆಡ್ಡೆಯನ್ನು ಶೌಚಾಲಯದ ಹಿಂದೆ ಹಾಕಿಸಿಕೊಡುತ್ತೇವೆ." ಎಲ್ಲರೂ ತಲೆದೂಗಿದರು. ನನಗೆ ಎದೆಯಲ್ಲಿ ಏನೋ ಕಳಚಿದಂತಾಯಿತು. ಮುಂದೆ ಹುಲ್ಲು, ಹಿಂದೆ ಗೆಡ್ಡೆ! ತೋರಿಸುವುದಕ್ಕೆ ಒಂದು, ತಿನ್ನುವುದಕ್ಕೆ ಒಂದು. ಹೆಮ್ಮೆಗೆ ಒಂದು, ಹಸಿವಿಗೆ ಒಂದು. ಶಾಲೆಯ ಅಂಗಳವೂ ಒಂದು ಪಾಠ. ಪುಸ್ತಕದ ಪಾಠ ಪರೀಕ್ಷೆ ಮುಗಿದ ಮೇಲೆ ಮರೆತುಹೋಗಬಹುದು. ಗೇಟು ದಾಟಿ ದಿನವೂ ನೋಡುತ್ತ ಬಂದ ಪಾಠ ಮರೆಯುವುದಿಲ್ಲ. ಗೆಡ್ಡೆಯನ್ನು ಶೌಚಾಲಯದ ಹಿಂದಕ್ಕೆ ಕಳುಹಿಸಿದ ದಿನ ಆ ಮಕ್ಕಳು ಕಲಿಯುವುದು ಏನು? ನಿಮ್ಮ ಅವ್ವ ಹಿತ್ತಲಲ್ಲಿ ಬೆಳೆಯುವುದು ನಾಚಿಕೆಯ ವಸ್ತು; ಯಾರಿಗೂ ಬೇಡವಾದ ಹುಲ್ಲು ಗೌರವದ ವಸ್ತು ಎಂದು. ಆ ಪಾಠವನ್ನು ನನ್ನ ಶಿಷ್ಯರು ಎಲ್ಲಿಯೋ ಕಲಿತುಬಿಟ್ಟಿದ್ದಾರೆ. ಆದುದರಿಂದಲೇ ಆ ಎರಡು ಪದಗಳನ್ನು ಓದಿದಾಗ ಯಾರಿಗೂ ನೋವಾಗಲಿಲ್ಲ.

ನಮ್ಮ ಹಿರಿಯರಲ್ಲಿ ಈ ನಾಚಿಕೆ ಇರಲಿಲ್ಲ. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಬಸುರಿಯಾದ ಭೂಮಿಗೆ ಚರಗ ಚೆಲ್ಲುವಾಗ ನಮ್ಮ ಮನೆಯ ಬೆರಕೆ ಸೊಪ್ಪಿನಲ್ಲಿ ಕೆಸುವೂ ಇರುತ್ತಿತ್ತು. ದೇವರಿಗೆ ಬಡಿಸಲು ಯೋಗ್ಯವಾದದ್ದು ಅಂಗಳಕ್ಕೆ ಅಯೋಗ್ಯವಾದದ್ದು ಹೇಗೆ? ತೀರ್ಥಹಳ್ಳಿಯ ಕಡೆಯವಳಾದ ನನ್ನ ಪತ್ನಿ ಇಂದಿಗೂ ಆಷಾಢದ ಮಳೆಗೆ ಪತ್ರೊಡೆ ಮಾಡಿ ನೆರೆಹೊರೆಗೆ ಹಂಚುತ್ತಾಳೆ. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಜನರು ತಾವು ಬೆಳೆದ ಬಗೆಬಗೆಯ ಗೆಡ್ಡೆಗೆಣಸುಗಳನ್ನು ಮೇಳ ಮಾಡಿ ಸಾಲಾಗಿ ಪ್ರದರ್ಶಿಸುತ್ತ ಬಂದಿದ್ದಾರೆ. ಪೇಟೆಯ ಜನ ಅಲ್ಲಿಗೆ ಹೋಗಿ ಕೊಂಡು ತರುತ್ತಾರೆ. ಅವರು ಗೆಡ್ಡೆಯನ್ನು ಹಿಂದೆ ಬಚ್ಚಿಡಲಿಲ್ಲ, ಮುಂದೆ ತಂದಿಟ್ಟರು. ಅದರಿಂದ ಅವರ ಮಾನ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಸಂಸ್ಕೃತದ ಸೂರಣವನ್ನು ಕನ್ನಡದ ಬಾಯಿ ಸುವರ್ಣವೆಂದು ಕರೆದಿದೆ. ಹೆಸರಿಟ್ಟವರಿಗೆ ಅದರ ಬೆಲೆ ಗೊತ್ತಿತ್ತು.

ಆ ಸಭೆ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತು. ಮೇಷ್ಟರಿಗೆ ಬೇಸರವಾಯಿತೆಂದು ಕೆಲಸವನ್ನು ಮುಂದೂಡಿದ್ದಾರೆ. ನನ್ನ ಬೇಸರಕ್ಕಾಗಿ ನಿಲ್ಲಿಸಬೇಡಿ ಎಂದು ಅವರಿಗೆ ಇಲ್ಲಿ ಹೇಳುತ್ತೇನೆ. ನಾನು ಇಂದಿದ್ದು ನಾಳೆ ಹೋಗುವವನು. ಲೆಕ್ಕ ಸರಿಯೆನಿಸಿದರೆ ನಿಲ್ಲಿಸಿ. ನೀವು ಕೂಡಿಸಿದ ಹಣ ವ್ಯರ್ಥವಾಗಬೇಕಾಗಿಲ್ಲ. ಕೈತೊಳೆಯುವ ನೀರಿನ ಕಾಲುವೆಗೆ ಕಲ್ಲು ಕಟ್ಟಿಸಿ, ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸಿ, ಗೆಡ್ಡೆಯ ಸಾಲುಗಳ ನಡುವೆ ಮಕ್ಕಳು ಓಡಾಡಲು ಚೊಕ್ಕವಾದ ದಾರಿ ಮಾಡಿಸಿ. ಆಟದ ಬಯಲಿನ ಗರಿಕೆಯನ್ನು ಅದರ ಪಾಡಿಗೆ ಬಿಡಿ. ಪ್ರತಿ ಗಿಡದ ಮುಂದೆ ಅದರ ಹ‍ೆಸರು ಬರೆದ ಹಲಗೆ ನೆಡಿ. ಶಾಲೆಯ ಹೆಸರಿನ ಫಲಕವನ್ನು ನಡುವೆ ನಿಲ್ಲಿಸುವುದಾದರೆ ಆ ಹಸಿರು ಕೊಡೆಗಳ ನಡುವೆಯೇ ನಿಲ್ಲಿಸಿ. ಚೆಂದವೂ ಕಾಣುತ್ತದೆ, ಅರ್ಥವೂ ಇರುತ್ತದೆ.

ನನ್ನ ಮನೆಯ ಅಟ್ಟದಲ್ಲಿ ಬಿತ್ತನೆಯ ಗೆಡ್ಡೆಗಳಿವೆ. ಮೊಳಕೆಯ ಕಣ್ಣು ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ. ಭರಣಿ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಾನು ಗುದ್ದಲಿಯೊಡನೆ ಶಾಲೆಯ ಗೇಟಿನ ಬಳಿ ಇರುತ್ತೇನೆ. ಬೆಂಗಳೂರಿನಿಂದ ಬರುವವರು ಹಿಂದಿನ ದಿನವೇ ಬಂದು ಊಟಕ್ಕೆ ನಮ್ಮ ಮನೆಗೆ ಬನ್ನಿ. ಪಲ್ಯ ಏನೆಂದು ಬೇರೆ ಹೇಳಬೇಕಾಗಿಲ್ಲ. ಗಂಟಲು ತುರಿಸುವುದಿಲ್ಲವೆಂದು ಭರವಸೆ ಕೊಡುತ್ತೇನೆ.